ಎಂಟು ಗಂಟೆಯ ಅತಿಥಿ

ಬೆಳಗ್ಗೆ ಒಂದು ಬಂದರಿಗೆ ಬಂದು ಸಾಯಂಕಾಲ ಅಲ್ಲಿಂದ ಹೊರಟುಹೋಗುವ ವಿಹಾರದ ಹಡಗಿನ ಯಾತ್ರಿಕನು ಆ ಒಂದು ಹಗಲನ್ನು ಯಾವುದಕ್ಕೆ ಕೊಡತಕ್ಕದ್ದು? ಇದು ನೀತಿವಿಚಾರಕ್ಕೆ ಸೇರಿದ ಪ್ರಶ್ನೆಯೇ ಅಲ್ಲವೆಂದು ಕೆಲವರಿಗೆ ತೋರಬಹುದು. ಹಡಗಿನವರು ದಡದ ಸಂಚಾರಗಳ ಪಟ್ಟಿಯೊಂದನ್ನು ಕೊಡುತ್ತಾರೆ. ಇಂಥ ದೇವಾಲಯ, ಇಂಥ ಪೇಟೆ, ಇಷ್ಟು ಗಂಟೆ, ಇಷ್ಟು ಹಣವೆಂದು ಅದರಲ್ಲಿ ಬರೆದಿರುತ್ತದೆ. ಯಾತ್ರಿಕನು ತನ್ನ ಕಾಲಿನ ಶಕ್ತಿಯನ್ನೂ ಕೈಯ ಹಣವನ್ನೂ ನೋಡಿಕೊಂಡು ಒಂದನ್ನು ಆರಿಸಿಕೊಳ್ಳುತ್ತಾನೆ. ಇದರಲ್ಲಿ ಧರ್ಮಾಧರ್ಮದ ಮಾತೆಲ್ಲಿಂದ ಬಂತು? ಆದರೆ ಆರಿಸುವವನು ನೋಡಹೊರಟಿರುವುದು ಬರಿಯ ಕಲ್ಲು ಮರಗಳನ್ನಲ್ಲ, ಜನರು ಬಾಳುತ್ತಿರುವ ಊರನ್ನು. ಎಲ್ಲಿ ಒಬ್ಬರ ಬಾಳು ಮತ್ತೊಬ್ಬರ ಕಣ್ಣಿಗೆ ವಿಷಯವಾಗುವುದೋ ಅಲ್ಲಿ ನೀತಿಯ ಪ್ರಶ್ನೆ ಕರೆಯದೆಯೇ ಬಂದು ನಿಲ್ಲುತ್ತದೆ.

ದೂರದ ಉದಾಹರಣೆ ಬೇಡ, ಮಂಗಳೂರನ್ನೇ ತೆಗೆದುಕೊಳ್ಳೋಣ. ೧೯೭೫ರ ಜನವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ನವಮಂಗಳೂರು ಬಂದರು ನಗರದ ಉತ್ತರಕ್ಕೆ ಸುಮಾರು ೧೦ ಕಿಲೋಮೀಟರು ದೂರದ ಪಣಂಬೂರಿನಲ್ಲಿದೆ. ಕಚ್ಚಾ ಎಣ್ಣೆ, ಕಲ್ಲಿದ್ದಲು, ಕಾಫಿಬೀಜಗಳು ಏರಿಳಿಯುವ ಆ ಧಕ್ಕೆಗೆ ಮಳೆಗಾಲ ಕಳೆದ ತಿಂಗಳುಗಳಲ್ಲಿ ವಿಹಾರದ ಹಡಗುಗಳೂ ಬರುವುದುಂಟು. ಚೆಂಡೆಯ ಸದ್ದಿನಿಂದಲೂ ಯಕ್ಷಗಾನದ ವೇಷಗಳಿಂದಲೂ ಯಾತ್ರಿಕರನ್ನು ಎದುರುಗೊಳ್ಳುವುದು ಇಲ್ಲಿಯ ಸಂಪ್ರದಾಯವಾಗಿದೆ. ಅನಂತರ ಬಸ್ಸುಗಳು ಹೊರಡುತ್ತವೆ. ಕುದ್ರೋಳಿಯ ಗೋಕರ್ಣನಾಥ ದೇವಾಲಯ, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ, ಗೇರುಬೀಜದ ಕಾರ್ಖಾನೆ, ಪೇಟೆ, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ: ಇವು ಸಾಮಾನ್ಯವಾಗಿ ತೋರಿಸುವ ಸ್ಥಳಗಳು. ಹೊತ್ತು ಎಂಟು ಗಂಟೆಯೆಂದು ಇಟ್ಟುಕೊಂಡರೆ, ಸುಮಾರು ೫೦ ಕಿಲೋಮೀಟರು ದೂರದ ಕಾರ್ಕಳಕ್ಕೆ ಹೋಗಿಬರುವುದರಲ್ಲಿಯೇ ಎರಡೂವರೆ ಮೂರು ಗಂಟೆ ಕಳೆದುಹೋಗುವುದು. ಹಡಗು ಹೊರಡುವುದಕ್ಕೆ ಎಷ್ಟೋ ಮುಂಚೆ ಹಿಂದಿರುಗಬೇಕು. ಎಲ್ಲವನ್ನೂ ನೋಡಿಬಿಡುತ್ತೇನೆಂದು ಹೊರಟವನ ಪಾಲಿಗೆ ಒಂದೊಂದು ಸ್ಥಳಕ್ಕೆ ಇಪ್ಪತ್ತು ನಿಮಿಷ ಉಳಿದರೆ ಹೆಚ್ಚು.

ಎಲ್ಲವನ್ನೂ ನೋಡಬೇಕೆಂಬ ಆಸೆಯನ್ನು ಹಾಸ್ಯಮಾಡುವುದು ಸುಲಭ. ಹಾಗೆ ಮಾಡುವುದು ನ್ಯಾಯವಲ್ಲ. ಜೀವಮಾನವೆಲ್ಲ ದುಡಿದು, ಉಳಿಸಿದ ಹಣದಲ್ಲಿ ಒಮ್ಮೆ ಲೋಕವನ್ನು ನೋಡಲು ಹೊರಟ ಮುದುಕರು ಆ ಹಡಗುಗಳಲ್ಲಿ ಬಹುಮಂದಿ. “ಈ ಊರಿಗೆ ನಾನು ಇನ್ನೊಮ್ಮೆ ಬರುವವನಲ್ಲ” ಎಂಬ ತಿಳಿವಳಿಕೆ ಅವರ ಆತುರದ ಹಿಂದೆ ಇದೆ. ಅದು ಮರ್ತ್ಯನಾದ ಪ್ರತಿಯೊಬ್ಬನಿಗೂ ಅರ್ಥವಾಗಬೇಕಾದ ಆತುರ. ಆಸೆ ತಪ್ಪಲ್ಲ. ಆದರೆ ಆ ಆಸೆ ಆರಿಸಿಕೊಳ್ಳುವ ಉಪಾಯವು ಅದನ್ನು ತೀರಿಸುವುದೇ ಎಂಬುದನ್ನು ಮಾತ್ರ ವಿಚಾರಿಸಬೇಕಾಗಿದೆ.

ಕುದ್ರೋಳಿಯ ದೇವಾಲಯದಲ್ಲಿ ಇಪ್ಪತ್ತು ನಿಮಿಷ ನಿಂತವನಿಗೆ ಏನು ಕಾಣುತ್ತದೆ? ಎತ್ತರದ ಗೋಪುರ, ಬಣ್ಣದ ವಿಗ್ರಹಗಳು, ಥಳಥಳಿಸುವ ಶಿಖರ. ಅದು ಚೆಲುವಾದ ನೋಟವೇ ಸರಿ. ಆದರೆ ಇತರ ದೇವಾಲಯಗಳ ಬಾಗಿಲು ತಮಗೆ ಮುಚ್ಚಿದ್ದ ಕಾಲದಲ್ಲಿ ಬಿಲ್ಲವ ಜನರು ತಮ್ಮದೊಂದು ದೇವಾಲಯ ಬೇಕೆಂದು ನಾರಾಯಣಗುರುಗಳನ್ನು ಬರಮಾಡಿಕೊಂಡರೆಂಬುದೂ, ೧೯೧೨ರಲ್ಲಿ ಗುರುಗಳು ಇಲ್ಲಿ ಪ್ರತಿಷ್ಠೆ ಮಾಡಿದರೆಂಬುದೂ ಗೋಪುರದ ಮೇಲೆ ಕಾಣುವ ಸಂಗತಿಯಲ್ಲ. ಅದನ್ನು ಯಾರಾದರೂ ಹೇಳಬೇಕು, ಕೇಳುವವನು ನಿಂತು ಕೇಳಬೇಕು. ಪ್ರಾರ್ಥನಾಮಂದಿರದ ಗೋಡೆಗಳ ಮಾತೂ ಹೀಗೆಯೇ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಸಹೋದರನು ೧೮೯೯ರಿಂದ ಮೊದಲುಮಾಡಿ ಸುಮಾರು ಎರಡು ವರ್ಷ ದುಡಿದು ಅವನ್ನು ಚಿತ್ರಗಳಿಂದ ತುಂಬಿದನು. ಸ್ವದೇಶಕ್ಕೆ ಮರಳದೆ ೧೯೦೫ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು. ಎರಡು ವರ್ಷದ ದುಡಿಮೆಯನ್ನು ಹತ್ತು ನಿಮಿಷದಲ್ಲಿ ಕಣ್ಣಿನಿಂದ ಸವರಿಕೊಂಡು ಬಂದವನು, ಅದನ್ನು ನೋಡಿದೆನೆಂದು ಯಾವ ಅರ್ಥದಲ್ಲಿ ಹೇಳಬಲ್ಲನು?

ಇಷ್ಟು ಕಟ್ಟಡಗಳ ಮಾತಾಯಿತು. ಗೇರುಬೀಜದ ಕಾರ್ಖಾನೆಗೆ ಬಂದಾಗ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಅಲ್ಲಿ ನೋಡತಕ್ಕ ವಸ್ತು ದುಡಿಯುತ್ತಿರುವ ಮನುಷ್ಯರು, ಬಹುಮಟ್ಟಿಗೆ ಹೆಂಗಸರು. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ತಗುಲಿದರೆ ಚರ್ಮ ಸುಡುತ್ತದೆ. ಸಿಪ್ಪೆಯನ್ನು ಒಡೆದು ತಿರುಳನ್ನು ಮುರಿಯದಂತೆ ತೆಗೆಯುವುದು ಕೈಚಳಕದ ಕೆಲಸ. ಬಸ್ಸಿನಿಂದಿಳಿದ ಐವತ್ತು ಮಂದಿ ಆ ಕೈಗಳ ಚಿತ್ರವನ್ನು ತೆಗೆದುಕೊಂಡು, ಪೊಟ್ಟಣ ಕಟ್ಟಿದ ಬೀಜವನ್ನು ಕೊಂಡು ಹೊರಟರೆ ಯಾರಿಗೂ ಕೇಡಾಗಲಿಲ್ಲ, ವ್ಯಾಪಾರವೂ ನಡೆಯಿತು. ಆದರೂ ಅಲ್ಲಿ ಏನೋ ಒಂದು ಕೊರತೆ ಉಳಿಯಿತೆಂದು ನಮ್ಮ ಮನಸ್ಸು ಹೇಳುತ್ತದೆ. ನೋಡಿದವರು ನೋಡಿದರು, ನೋಡಿಸಿಕೊಂಡವರು ತಿರುಗಿ ನೋಡುವುದಕ್ಕೆ ಅವಕಾಶವಿರಲಿಲ್ಲ. “ಈ ಎಣ್ಣೆ ನಿಮ್ಮ ಕೈಗೆ ಏನು ಮಾಡುತ್ತದೆ, ಅಮ್ಮ?” ಎಂದು ದುಭಾಷಿಯ ಮೂಲಕ ಒಬ್ಬರಾದರೂ ಕೇಳಿ, ತುಳುವಿನಲ್ಲಿ ಬಂದ ಉತ್ತರವನ್ನು ತಿಳಿಯುವವರೆಗೆ ನಿಂತಿದ್ದರೆ, ಅದೇ ಕಾರ್ಖಾನೆಯ ಅದೇ ಭೇಟಿ ಬೇರೊಂದಾಗುತ್ತಿತ್ತು.

ನಮ್ಮ ಹಿರಿಯರು ಇಂಥ ಸಂಬಂಧಕ್ಕೆ ಆತಿಥ್ಯವೆಂದು ಹೆಸರಿಟ್ಟರು. ಒಂದೇ ರಾತ್ರಿ ತಂಗುವವನೇ ಅತಿಥಿಯೆಂದು ಮನುಸ್ಮೃತಿಯ ಲಕ್ಷಣ. ಅವನ ಇರವು ನಿತ್ಯವಲ್ಲವಾದುದರಿಂದಲೇ ಆ ಹೆಸರು ಬಂತೆಂದು ಅದರ ವಿವರಣೆ. ಹಡಗಿನ ಯಾತ್ರಿಕನು ಒಂದು ರಾತ್ರಿಯೂ ತಂಗುವವನಲ್ಲ. ಅವನ ಹಾಸಿಗೆ ಹಡಗಿನಲ್ಲಿದೆ, ಊಟದ ಮುಖ್ಯಭಾಗವೂ ಅಲ್ಲಿಯೇ. ಅವನು ಬರುವ ತಿಥಿಯೂ ಹೊರಡುವ ನಿಮಿಷವೂ ಬಹಳ ಮುಂಚೆಯೇ ಅಚ್ಚಾಗಿರುತ್ತವೆ. ನಮ್ಮ ಅನ್ನದ ಋಣವಾಗಲಿ ನೆರಳಿನ ಋಣವಾಗಲಿ ಅವನಿಗೆ ಹತ್ತುವುದು ಕಡಮೆ. ಋಣವಿಲ್ಲದ ಬರವು ಆತಿಥ್ಯವಾದೀತೆ? ಇದೇ ಈ ವಿಚಾರದ ತಿರುಳು.

ಇದೇ ಕರಾವಳಿಗೆ ಹಡಗಿನಿಂದ ಬಂದ ಹಳೆಯ ಯಾತ್ರಿಕರ ಕಥೆಗಳು ಇಲ್ಲಿ ನೆನಪಿಗೆ ಬರುತ್ತವೆ. ಸುಮಾರು ೧೩೪೨ರಲ್ಲಿ ಇಬ್ನ್ ಬತೂತನ ಹಡಗು ಮಂಗಳೂರಿನ ಮುಂದೆ ನಿಂತಾಗ, ಇಲ್ಲಿಯ ಮುಸಲ್ಮಾನರ ಕಾಜಿಯು ಹಡಗನ್ನೇರಿ ಅತಿಥಿಗಳನ್ನು ಊರೊಳಕ್ಕೆ ಕರೆದನು. ದೊರೆಯು ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸಿದ ಹೊರತು ಇಳಿಯುವುದಿಲ್ಲವೆಂದು ಅವರು ಹೇಳಿದರಂತೆ. ದೊರೆ ಮಗನನ್ನು ಕಳುಹಿಸಿದ ಮೇಲೆ ಅವರು ಇಳಿದು ಮೂರು ದಿನ ಸತ್ಕಾರ ಪಡೆದರು. ಆ ಕಾಲ ಮರಳಿ ಬರಲೆಂದು ಯಾರೂ ಬಯಸುವುದಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು: ಅಂದು ಇಳಿಯುವವನೂ ಇಳಿಸಿಕೊಳ್ಳುವವನೂ ಒಬ್ಬರನ್ನೊಬ್ಬರು ನಂಬಬೇಕಾಗಿತ್ತು, ನಂಬಿಕೆಗೆ ಬೆಲೆಯನ್ನೂ ತೆರಬೇಕಾಗಿತ್ತು. ಇಂದು ಆ ಭಯವೆಲ್ಲ ಹೋಗಿದೆ. ಅದರ ಜೊತೆಗೆ ಪರಸ್ಪರ ಗಮನವೂ ಹೋಗಬೇಕೆಂಬ ನಿಯಮವೇನೂ ಇಲ್ಲ.

ಇನ್ನೊಂದು ಕಥೆ ೧೬೨೩ರದು. ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಎಂಬಾತನು ಇಕ್ಕೇರಿಯನ್ನು ಕಂಡು ಮಂಗಳೂರಿಗೆ ಬಂದು, ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಮಣೇಲಿಗೆ ಹೋದನು. ಆಕೆ ಅವನಿಗೆ ಎದುರಾದದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ಹೊಲಗಳಿಗೆ ನೀರುಣಿಸಲು ತೋಡುತ್ತಿದ್ದ ಕಾಲುವೆಗಳನ್ನು ನೋಡಲು ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ಮೊದಲ ನೋಟಕ್ಕೆ ಆಕೆ ಅವನ ಕಣ್ಣಿಗೆ ರಾಣಿಯಂತೆ ಕಾಣದೆ ಅಡುಗೆಮನೆಯ ಊಳಿಗದವಳಂತೆ ಕಂಡಳು. ಅದನ್ನು ಅವನು ಮುಚ್ಚದೆ ಬರೆದಿದ್ದಾನೆ. ಆದರೆ ಅವನು ಅಷ್ಟಕ್ಕೇ ಹೊರಟುಹೋಗಲಿಲ್ಲ. ದಾರಿಯಲ್ಲಿ ನಿಂತು ಆಕೆಯೊಡನೆ ಮಾತನಾಡಿದನು, ಆಕೆ ಕೇಳಿದುದಕ್ಕೆ ಉತ್ತರ ಹೇಳಿದನು. ಮಾತು ಕೇಳಿದ ಮೇಲೆ, ಈಕೆ ವಿವೇಕಶಾಲಿನಿಯೆಂದು ಒಪ್ಪಿಕೊಂಡನು. ಕಣ್ಣು ಮಾಡಿದ ತಪ್ಪನ್ನು ಕಿವಿ ತಿದ್ದಿತು. ಅವನು ಚಿತ್ರವೊಂದನ್ನು ಮಾತ್ರ ಕೊಂಡೊಯ್ದಿದ್ದರೆ ಆ ತಪ್ಪೇ ಯೂರೋಪಿಗೆ ಸತ್ಯವಾಗಿ ತಲಪುತ್ತಿತ್ತು.

ಈ ಕಥೆಯಿಂದ ಆಯ್ಕೆಗೊಂದು ಅಳತೆ ದೊರೆಯುತ್ತದೆಂದು ನನ್ನ ಅಭಿಪ್ರಾಯ. ಹೊತ್ತು ಕಡಮೆಯಿರುವಾಗ, ಕಣ್ಣು ಮಾಡುವ ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಎಲ್ಲಿ ಎಡೆಯಿದೆಯೋ ಅದನ್ನು ಆರಿಸತಕ್ಕದ್ದು. ಆರು ಸ್ಥಳಗಳನ್ನು ಮುಟ್ಟಿಬರುವ ಸಂಚಾರಕ್ಕಿಂತ ಎರಡನ್ನು ವಿವರವಾಗಿ ಕೇಳಿ ತಿಳಿಯಗೊಡುವ ಸಂಚಾರ ಮೇಲು. ಸಾವಿರ ಕಂಬದ ಬಸದಿಯೊಂದನ್ನೇ ಆರಿಸಿ, ೧೪೩೦ರಲ್ಲಿ ಕಟ್ಟಿದ ಆ ಬಸದಿಯ ಪಕ್ಕದಲ್ಲಿ ಇಂದಿಗೂ ಜೈನ ಮನೆತನಗಳು ಬಾಳುತ್ತಿವೆಯೆಂಬುದನ್ನು ತಿಳಿದು, ಕಂಬಗಳ ನಡುವೆ ಒಂದು ಗಂಟೆ ಕುಳಿತು ಬಂದವನು ಕಡಮೆ ನೋಡಿದವನಲ್ಲ.

ಇದಕ್ಕೆ ಎರಡು ಆಕ್ಷೇಪಗಳನ್ನು ಹೇಳುವವರುಂಟು. ಹಡಗಿನವರ ಬಸ್ಸನ್ನು ಬಿಟ್ಟು ತಾನೇ ನಡೆದುಹೋಗುವವನೇ ನಿಜವಾದ ಯಾತ್ರಿಕನೆಂಬುದು ಒಂದು. ಇದರಲ್ಲಿ ಸತ್ಯಕ್ಕಿಂತ ಹೆಮ್ಮೆ ಹೆಚ್ಚು. ಹಡಗಿನವರ ಸಂಚಾರ ದಾರಿಯಲ್ಲಿ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ತಾನಾಗಿ ಹೋದವನಿಗಾಗಿ ಕಾಯುವುದಿಲ್ಲ. ಮೊಣಕಾಲು ನೋವಿನ ಮುದುಕಿಗೆ ಬಸ್ಸಿಲ್ಲದೆ ಕಾರ್ಕಳವೇ ಇಲ್ಲ. ಹೆಚ್ಚು ಹಣ ತೆತ್ತಾದರೂ ಅದನ್ನು ಹತ್ತುವುದು ತಪ್ಪಲ್ಲ. ಬಸ್ಸಿನಲ್ಲಿ ಕುಳಿತೂ ಕಿವಿಗೊಡಬಹುದು, ಬೀದಿಯಲ್ಲಿ ನಡೆದೂ ಕುರುಡನಾಗಿರಬಹುದು. ಎರಡನೆಯ ಆಕ್ಷೇಪ ಇನ್ನೂ ಬಲವಾದುದು: ಹಣ ಕೊಟ್ಟವನಿಗೆ ಋಣವೇಕೆ? ಆದರೆ ಹಣ ಸಲ್ಲುವುದು ಬಸ್ಸಿಗೆ, ದುಭಾಷಿಗೆ, ಕೊಂಡ ಸರಕಿಗೆ. ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯನು ೧೪೩೨ರಲ್ಲಿ ನಿಲ್ಲಿಸಿದ ಗೊಮ್ಮಟನಿಗೂ, ಆ ಬಂಡೆಯನ್ನು ಇಷ್ಟು ಶತಮಾನ ಪೂಜ್ಯವೆಂದು ಕಾಪಾಡಿದ ಜನಕ್ಕೂ ಬೆಲೆ ಕಟ್ಟಿದವರಾರು? ಆ ಪಾಲು ಗಮನದಿಂದಲೂ ವಿನಯದಿಂದಲೂ ಮಾತ್ರ ಸಲ್ಲತಕ್ಕದ್ದು.

ಆತಿಥೇಯನಿಗೂ ಧರ್ಮವುಂಟು. ಬರುವವರು ಬಯಸುವುದನ್ನೇ ತೋರಿಸುತ್ತ ಹೋದರೆ ಊರು ಕಡೆಗೆ ತನ್ನನ್ನೇ ಪ್ರದರ್ಶನಕ್ಕೆ ಇಟ್ಟುಕೊಳ್ಳುತ್ತದೆ. ವೆನಿಸ್ ನಗರ ಇದಕ್ಕೆ ಸಾಕ್ಷಿ. ಅಲ್ಲಿಯ ಹಳೆಯ ಕಟ್ಟಡಗಳ ಮುಂದೆಯೇ ಹಾದುಹೋಗುತ್ತಿದ್ದ ೨೫,೦೦೦ ಟನ್ನಿಗೆ ಮೀರಿದ ಹಡಗುಗಳನ್ನು ಇಟಲಿಯ ಸರ್ಕಾರ ೨೦೨೧ರ ಆಗಸ್ಟ್ ೧ರಿಂದ ಆ ಕಾಲುವೆಗಳಲ್ಲಿ ನಿಷೇಧಿಸಬೇಕಾಯಿತು. ೨೦೨೪ರ ಏಪ್ರಿಲ್ ೨೫ರಿಂದ, ಗೊತ್ತುಮಾಡಿದ ಕೆಲವು ದಿನಗಳಲ್ಲಿ, ಹಗಲು ಬಂದು ಹೋಗುವವರಿಂದ ನಗರವು ೫ ಯೂರೋ ಪ್ರವೇಶಧನ ತೆಗೆದುಕೊಳ್ಳತೊಡಗಿತು. ಮನೆಯ ಬಾಗಿಲಲ್ಲಿ ಚೀಟಿ ಹರಿಯುವ ಸ್ಥಿತಿ ಆತಿಥೇಯನಿಗೂ ಗೌರವದ್ದಲ್ಲ, ಅತಿಥಿಗೂ ಅಲ್ಲ. ಮಂಗಳೂರಿಗೆ ಬರುವ ಹಡಗುಗಳು ಅದಕ್ಕೆ ಹೋಲಿಸಿದರೆ ಬಹಳ ಕೆಲವೇ. ಕೆಲವೇ ಇರುವಾಗಲೇ, ಯಾವುದನ್ನು ತೋರಿಸಬೇಕು, ಎಷ್ಟು ಹೊತ್ತು, ಯಾರ ಬಾಯಿಂದ ಹೇಳಿಸಬೇಕು ಎಂಬುದನ್ನು ಊರಿನವರು ಯೋಚಿಸುವುದು ಸುಲಭ.

ಇಂದು ನಮ್ಮ ಮನೆಗಳವರೂ ಇಂಥ ಹಡಗುಗಳನ್ನು ಹತ್ತುತ್ತಿದ್ದಾರೆ. ಆದುದರಿಂದ ಈ ಪ್ರಶ್ನೆ ಪರರದು ಮಾತ್ರವಲ್ಲ. ರೋಮಿನ ಬಂದರು ಎನಿಸಿದ ಚಿವಿತವೆಕ್ಕಿಯದಲ್ಲಿ ಇಳಿದವನಿಗೆ ರೋಮ್ ಸುಮಾರು ೮೦ ಕಿಲೋಮೀಟರು ದೂರ. ಹೋಗಿಬರುವುದರಲ್ಲಿ ಹಗಲಿನ ಬಹುಭಾಗ ಸವೆಯುವುದು. ಬಂದರಿನ ಹತ್ತಿರದಲ್ಲಿಯೇ ತಾರ್ಕ್ವಿನಿಯ ಎಂಬ ಊರಿದೆ. ರೋಮಿನ ಏಳಿಗೆಗೆ ಮೊದಲೇ ಅಲ್ಲಿ ಬಾಳಿದ ಎಟ್ರುಸ್ಕನ್ ಜನರ ಚಿತ್ರಭರಿತ ಸಮಾಧಿಗಳು ಅಲ್ಲಿವೆ. ರೋಮಿನ ಹೆಸರನ್ನು ಬಾಲ್ಯದಿಂದ ಕೇಳಿದವನಿಗೆ ಅದನ್ನು ಬಿಡುವುದು ಕಷ್ಟ; ಅವನು ರೋಮಿಗೇ ಹೋಗಲಿ. ಆದರೆ ಹೋದವನು ಅಲ್ಲಿ ಒಂದನ್ನು ನೋಡಿ ಹತ್ತನ್ನು ಬಿಡುವ ಧೈರ್ಯ ತಂದುಕೊಳ್ಳಲಿ. ಪಣಂಬೂರಿನಲ್ಲಿ ಇಳಿದವರು ಯಾವ ರೀತಿ ನಡೆದುಕೊಂಡರೆ ನಮಗೆ ಸಂತೋಷವೋ, ಆ ರೀತಿಯನ್ನೇ ಅಲ್ಲಿ ತಾನು ಅನುಸರಿಸಲಿ. ಆತಿಥೇಯನಾಗಿ ಕಲಿತ ಪಾಠ ಅತಿಥಿಯಾದಾಗ ಉಪಯೋಗಕ್ಕೆ ಬರಬೇಕು.

ಸಂಜೆ ಹಡಗನ್ನೇರಿದವನು ಆ ದಿನ ತಾನು ಎಷ್ಟು ಸ್ಥಳ ನೋಡಿದೆನೆಂದು ಎಣಿಸಬೇಕಾಗಿಲ್ಲ. ಆ ಊರಿನ ಒಬ್ಬರನ್ನಾದರೂ ಒಂದು ಮಾತು ಕೇಳಿ, ಉತ್ತರ ಮುಗಿಯುವವರೆಗೆ ಕಾದೆನೇ ಎಂದು ಕೇಳಿಕೊಂಡರೆ ಸಾಕು. ಹೌದೆನ್ನಬಲ್ಲವನಾದರೆ ಎಂಟೇ ಗಂಟೆಯ ಮಟ್ಟಿಗಾದರೂ ಅವನು ಅತಿಥಿಯಾಗಿದ್ದನೆಂದು ನಾವು ಹೇಳಬಹುದು.