ಸದ್ದು ಕನ್ನಡಿಯದೋ, ಗಾಳಿಯದೋ?

ವೇಗವಾಗಿ ಓಡುವ ಕಾರಿನ ಹೊರಗನ್ನಡಿಯ ಬಳಿ ಏಳುವ ಭೋರ್ಗರೆತ ಯಾರದು? ಕನ್ನಡಿಯದೆಂದರೆ, ನಿಂತ ಕಾರಿನಲ್ಲಿ ಅದು ಮೂಕ. ಗಾಳಿಯದೆಂದರೆ, ಅಡ್ಡಿಯಿಲ್ಲದ ಬಯಲಲ್ಲಿ ಗಾಳಿಯೂ ಬಹುಮಟ್ಟಿಗೆ ಮೌನಿ. ಸಂಯೋಗದಿಂದ, ವಿಭಾಗದಿಂದ, ಮತ್ತೊಂದು ಶಬ್ದದಿಂದ ಶಬ್ದ ಹುಟ್ಟುತ್ತದೆ ಎಂದ ಪ್ರಾಚೀನ ಭಾರತದ ದಾರ್ಶನಿಕರಾದ ವೈಶೇಷಿಕರು ಇಲ್ಲಿ ನನಗೆ ಹತ್ತಿರದವರು. ಗಾಳಿಯ ಪದರ ಕನ್ನಡಿಯ ಕವಚದ ಅಂಚಿನಿಂದ ಬೇರ್ಪಟ್ಟು, ಸುಳಿಗಳಾಗಿ ಒಡೆದು, ಪಕ್ಕದ ಕಿಟಕಿಗೆ ಬಡಿಯುವಾಗಲೇ ಈ ಗದ್ದಲ. ಆದ್ದರಿಂದಲೇ ವಿನ್ಯಾಸಕಾರರು ಅಂಚನ್ನು ದುಂಡಾಗಿಸುತ್ತಾರೆ. ಕನ್ನಡಿಯನ್ನು ಕಿಟಕಿಯ ಮೂಲೆಯಿಂದ ಬಾಗಿಲ ಮೈಗೆ ಇಳಿಸಿ ನಡುವೆ ಗಾಳಿಗೆ ದಾರಿ ಬಿಡುತ್ತಾರೆ. ಅವರು ತಿದ್ದುವುದು ಕನ್ನಡಿಗೂ ಗಾಳಿಗೂ ಇರುವ ಸಂಬಂಧವನ್ನು. ಇಂಥ ಸದ್ದಿನ ಶಕ್ತಿ ವೇಗದ ಸುಮಾರು 6ನೇ ಘಾತದಲ್ಲಿ ಏರುತ್ತದೆ: ವೇಗ ಇಮ್ಮಡಿಯಾದರೆ ಶಕ್ತಿ 64 ಪಟ್ಟು. ಕನ್ನಡಿ ಮಾತ್ರ ಅದೇ ಕನ್ನಡಿ.

ಹಳೆಯ ಸೂತ್ರಕ್ಕೆ ಹೊಸ ವಿಜ್ಞಾನದ ಅಂಗಿ ತೊಡಿಸಬೇಡಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಶಬ್ದ ಆಕಾಶದ ಗುಣ ಎಂಬ ವೈಶೇಷಿಕರ ಮಾತನ್ನು ನಾನೂ ಒಪ್ಪಲಾರೆ. ನಿರ್ವಾತದಲ್ಲಿ ಸದ್ದು ಸಾಗದು. ಆದರೆ ಕಾರಣವನ್ನು ಒಂದೇ ವಸ್ತುವಿನಲ್ಲಿ ಹುಡುಕದ ಅವರ ತರ್ಕ ನಿಲ್ಲುತ್ತದೆ. ಕನ್ನಡಿಯನ್ನೇ ಕಿತ್ತರಾಯಿತಲ್ಲ ಎನ್ನಬಹುದು. 2018ರಲ್ಲಿ ಜಪಾನಿನ ಲೆಕ್ಸಸ್ ಇಎಸ್ ಕಾರಿಗೆ ಕನ್ನಡಿಯ ಬದಲು ಕ್ಯಾಮೆರಾ ಬಂತು. ಗಾಳಿಯ ಸದ್ದು ತಗ್ಗಿತೇ ಹೊರತು ಅಳಿಯಲಿಲ್ಲ. ಆ ಪುಟ್ಟ ಕ್ಯಾಮೆರಾಕ್ಕೂ ಅಂಚಿದೆ.