ಕೊನೆಯ ಬಸ್ಸು, ಮೊದಲ ಪುಟ

ಪತ್ರಿಕೋದ್ಯಮದಲ್ಲಿರುವ ಮಹಿಳೆಯರಿಗೆ ನಾಯಕತ್ವದ ತರಬೇತಿ ಕೊಡಬೇಕು ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಮಾಲೀಕರು ಒಪ್ಪುತ್ತಾರೆ, ಸಂಪಾದಕರು ಒಪ್ಪುತ್ತಾರೆ, ತರಬೇತಿ ಪಡೆಯುವವರೂ ಒಪ್ಪುತ್ತಾರೆ. ಇಷ್ಟು ಸುಲಭವಾಗಿ ಎಲ್ಲರೂ ಒಪ್ಪುವ ಮಾತು ಸಿಕ್ಕಾಗ ಅದನ್ನು ಒಮ್ಮೆ ತಿರುಗಿಸಿ ನೋಡಬೇಕು ಅನ್ನಿಸುತ್ತದೆ. ತರಬೇತಿ ಎಂದರೆ ಇಲ್ಲದ್ದನ್ನು ತುಂಬಿಸುವುದು. ಹಾಗಾದರೆ ಇಲ್ಲಿ ಇಲ್ಲದಿರುವುದು ಏನು? ಅದು ಯಾರಲ್ಲಿ ಇಲ್ಲ?

ಆಕ್ಸ್‌ಫರ್ಡ್‌ನಲ್ಲಿರುವ ರಾಯಿಟರ್ಸ್ ಪತ್ರಿಕೋದ್ಯಮ ಅಧ್ಯಯನ ಸಂಸ್ಥೆ ಪ್ರತಿವರ್ಷ ಒಂದು ಲೆಕ್ಕ ಕೊಡುತ್ತದೆ. 2024ರಲ್ಲಿ ಅದು 12 ಮಾರುಕಟ್ಟೆಗಳ 240 ಸುದ್ದಿಸಂಸ್ಥೆಗಳನ್ನು ನೋಡಿತು. ಅಲ್ಲಿನ ಅಗ್ರ ಸಂಪಾದಕರಲ್ಲಿ ಮಹಿಳೆಯರು ಶೇ. 24. ಆದರೆ ಆ ಮಾರುಕಟ್ಟೆಗಳ ಪತ್ರಕರ್ತರಲ್ಲಿ ಮಹಿಳೆಯರ ಪಾಲು ಸುಮಾರು ಶೇ. 40. ಆ ಪಟ್ಟಿಯಲ್ಲಿ ಭಾರತ ಇಲ್ಲ. ಇದ್ದಿದ್ದರೆ ಚಿತ್ರ ಬೆಳಗುತ್ತಿತ್ತು ಎಂದು ನಂಬಲು ಕಾರಣಗಳು ಕಡಿಮೆ. ಈ 40 ಮತ್ತು 24ರ ನಡುವಿನ ಕಂದಕಕ್ಕೆ ಹಾಕಿದ ಸೇತುವೆಯೇ ತರಬೇತಿ. ಸುದ್ದಿ ಪ್ರಕಾಶಕರ ಜಾಗತಿಕ ಸಂಘಟನೆ ವ್ಯಾನ್-ಇಫ್ರಾ ‘ವಿಮೆನ್ ಇನ್ ನ್ಯೂಸ್’ ಎಂಬ ಹೆಸರಿನಲ್ಲಿ ಆಫ್ರಿಕಾ, ಅರಬ್ ದೇಶಗಳು ಮತ್ತು ಆಗ್ನೇಯ ಏಷ್ಯಾದ ಪತ್ರಕರ್ತೆಯರಿಗೆ ಮಾಧ್ಯಮ ನಿರ್ವಹಣೆ ಕಲಿಸುತ್ತಿದೆ, ಮಾರ್ಗದರ್ಶಕರನ್ನು ಜೋಡಿಸಿಕೊಡುತ್ತಿದೆ. ನಮ್ಮಲ್ಲೂ ಆಗಾಗ ಎರಡು ದಿನದ ಕಾರ್ಯಾಗಾರಗಳು ನಡೆಯುತ್ತವೆ.

ಅಂಥ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದ ಗೆಳತಿಯೊಬ್ಬಳಿದ್ದಾಳೆ. ಮಂಗಳೂರಿನ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕಿ. ಸಭೆಯಲ್ಲಿ ದನಿ ಎತ್ತುವುದು ಹೇಗೆ, ಸಂಬಳದ ಮಾತು ಆಡುವುದು ಹೇಗೆ, ಮನೆ-ಕಚೇರಿ ಎರಡನ್ನೂ ತೂಗಿಸುವುದು ಹೇಗೆ ಎಂದೆಲ್ಲ ಹೇಳಿಕೊಟ್ಟರಂತೆ. ಅವಳಿಗೆ ಇಷ್ಟವಾಯಿತು. ಹಿಂದಿರುಗಿದವಳು ಕಲಿತದ್ದನ್ನೇ ಪ್ರಯೋಗಿಸಿ, ನನಗೆ ರಾತ್ರಿ ಪಾಳಿ ಕೊಡಿ, ಮುಖಪುಟದ ಕೆಲಸ ಕೊಡಿ ಎಂದು ಕೇಳಿದಳು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ಪುರವಣಿಯಲ್ಲೇ ಇರಿ ಎಂಬ ಉತ್ತರ ಬಂತು. ಎರಡು ವರ್ಷದ ನಂತರ ಮುಖ್ಯ ಉಪಸಂಪಾದಕರ ಹುದ್ದೆ ಖಾಲಿಯಾಯಿತು. ಆಗ ಅವಳಿಗೆ ಸಿಕ್ಕ ಉತ್ತರ, ನಿಮಗೆ ಮುಖಪುಟದ ಅನುಭವ ಇಲ್ಲವಲ್ಲ!

ಈ ಎರಡು ಉತ್ತರಗಳನ್ನು ಬೇರೆ ಬೇರೆಯಾಗಿ ಕೇಳಿದರೆ ಎರಡೂ ಸಮಂಜಸವೇ. ಜೊತೆಯಲ್ಲಿಟ್ಟು ನೋಡಿದರೆ ಮಾತ್ರ ಅನ್ಯಾಯ ಕಾಣುತ್ತದೆ. ಅದಕ್ಕೆ ಒಬ್ಬ ಖಳನಾಯಕನೂ ಬೇಕಾಗಿಲ್ಲ.

ದಿನಪತ್ರಿಕೆಯ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಸಂಗತಿಯಿದೆ. ಪತ್ರಿಕೆಯ ಅಧಿಕಾರ ಹಗಲಿನ ಸಭೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ರಾತ್ರಿಯ ಡೆಸ್ಕಿನಲ್ಲಿ ಇರುತ್ತದೆ. ಹಗಲಿನ ಯೋಜನೆಯನ್ನು ತಡವಾಗಿ ಬಂದ ಒಂದು ಸುದ್ದಿ ಬುಡಮೇಲು ಮಾಡಬಹುದು. ಯಾವ ಸುದ್ದಿ ಮೇಲೆ, ಯಾವುದು ಒಳಪುಟಕ್ಕೆ, ಯಾವ ಪದ ಶೀರ್ಷಿಕೆಗೆ, ಯಾವ ಚಿತ್ರ ಬೇಡವೇ ಬೇಡ ಎಂಬುದು ಮಧ್ಯರಾತ್ರಿಯ ಹೊತ್ತಿಗೆ, ಯಂತ್ರ ಕಾಯುತ್ತಿರುವಾಗ, ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಸಂಪಾದಕರನ್ನು ರೂಪಿಸುವುದು ಆ ನಿಮಿಷಗಳು. ನಾನು ತೋಡಾರಿನವಳು. ಮಂಗಳೂರಿನಿಂದ ಗುರುಪುರ, ಕೈಕಂಬ, ಎಡಪದವು, ಮಿಜಾರು ದಾಟಿ ಬರುವ ಕೊನೆಯ ಬಸ್ಸು ಆ ನಿಮಿಷಗಳಿಗಿಂತ ಬಹಳ ಮೊದಲೇ ನಮ್ಮೂರನ್ನು ಹಾದು ಮೂಡುಬಿದಿರೆ ಸೇರಿರುತ್ತದೆ. ನಮ್ಮ ಕಡೆಯ ಹುಡುಗಿಯೊಬ್ಬಳು ಸಂಪಾದಕಿಯಾಗುವ ಪ್ರಶ್ನೆ ಅವಳ ಆತ್ಮವಿಶ್ವಾಸದಲ್ಲಿ ಎಷ್ಟಿದೆಯೋ ಬಸ್ಸಿನ ವೇಳಾಪಟ್ಟಿಯಲ್ಲೂ ಅಷ್ಟೇ ಇದೆ. ರಾತ್ರಿ ಮನೆಗೆ ಬಿಡುವ ಒಂದು ಕಾರಿನ ಖರ್ಚನ್ನು ‘ನಾಯಕತ್ವ’ ಎಂಬ ತಲೆಬರಹದಡಿ ಯಾರೂ ಬರೆಯುವುದಿಲ್ಲ. ಕಾರ್ಯಾಗಾರದ ಖರ್ಚನ್ನು ಬರೆಯುತ್ತಾರೆ.

ರಕ್ಷಣೆ ಎಂಬ ಪದಕ್ಕೂ ಇಲ್ಲಿ ಪಾಲಿದೆ. 1948ರ ಕಾರ್ಖಾನೆ ಕಾಯ್ದೆಯ 66ನೆಯ ಸೆಕ್ಷನ್ ಹೆಂಗಸರನ್ನು ರಾತ್ರಿ ದುಡಿಸಬಾರದು ಎಂದಿತು. ರಾತ್ರಿಯೆಲ್ಲ ಹೆಂಗಸರಿಂದ ಗೇಯಿಸಿಕೊಳ್ಳುತ್ತಿದ್ದ ಕಾಲದ ಹಿನ್ನೆಲೆಯಲ್ಲಿ ಅದಕ್ಕೆ ಅರ್ಥವಿತ್ತು. ಆದರೆ ರಕ್ಷಣೆಗೆ ಎರಡು ದಾರಿಗಳಿವೆ. ದಾರಿಯನ್ನು ಸುರಕ್ಷಿತಗೊಳಿಸುವುದು ಒಂದು, ಅವಳನ್ನು ದಾರಿಗೆ ಬಿಡದಿರುವುದು ಇನ್ನೊಂದು. ಎರಡನೆಯದು ಅಗ್ಗ. ಅಗ್ಗವಾದದ್ದನ್ನೇ ಕಾಳಜಿ ಎಂದು ಕರೆಯುವ ಅಭ್ಯಾಸ ನಮ್ಮ ಕಚೇರಿಗಳಿಗೂ ಮನೆಗಳಿಗೂ ಇದೆ.

ಇಲ್ಲೊಂದು ಹಳೆಯ ತಾತ್ವಿಕ ತೊಡಕು ಎದುರಾಗುತ್ತದೆ. ಮಾಡಿ ಕಲಿಯಬೇಕಾದ್ದನ್ನು ಮಾಡುತ್ತಲೇ ಕಲಿಯುತ್ತೇವೆ, ಮನೆ ಕಟ್ಟಿಯೇ ಮನೆ ಕಟ್ಟುವವರಾಗುತ್ತೇವೆ, ನ್ಯಾಯವಾಗಿ ನಡೆದುಕೊಂಡೇ ನ್ಯಾಯವಂತರಾಗುತ್ತೇವೆ ಎನ್ನುವುದು ಅರಿಸ್ಟಾಟಲನ ವಾದ. ನಾಯಕತ್ವವೂ ಇಂಥದ್ದೇ. ತೀರ್ಮಾನ ತೆಗೆದುಕೊಂಡು ಅದಕ್ಕೆ ಉತ್ತರದಾಯಿಯಾಗುವುದನ್ನು ತೀರ್ಮಾನದ ಜಾಗದ ಹೊರಗೆ ನಿಂತು ಕಲಿಯಲಾಗದು. ಅಂದರೆ ನಂಬಿಕೆ ಮೊದಲು, ಯೋಗ್ಯತೆಯ ಪುರಾವೆ ನಂತರ. ಸಂಪಾದಕನಾದ ಪ್ರತಿಯೊಬ್ಬನಿಗೂ ಯಾರೋ ಒಬ್ಬರು ಪುರಾವೆ ಸಿಗುವ ಮೊದಲೇ ಪುಟವೊಂದನ್ನು ಕೊಟ್ಟಿರುತ್ತಾರೆ. ಅದು ಒಂದು ಬಗೆಯ ಸಾಲ. ಗಂಡಸರಿಗೆ ಆ ಸಾಲ ಮುಖ ನೋಡಿ ಸಿಗುತ್ತದೆ, ಹೆಂಗಸರಿಂದ ಅಡಮಾನ ಕೇಳುತ್ತಾರೆ. ತರಬೇತಿಯ ಪ್ರಮಾಣಪತ್ರ ಎಷ್ಟೋ ಸಲ ಆ ಅಡಮಾನದ ಕಾಗದವಾಗಿಬಿಡುತ್ತದೆ.

ನಮ್ಮದೇ ಚರಿತ್ರೆಯನ್ನು ನೋಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ನಮ್ಮ ಜಿಲ್ಲೆಯಲ್ಲೇ ಹುಟ್ಟಿತು. ಸಂಪಾದಕ ಹರ್ಮನ್ ಮೊಗ್ಲಿಂಗ್ ಜರ್ಮನಿಯಿಂದ ಬಂದ ಪಾದ್ರಿ. ಅವನಿಗೂ ಪತ್ರಿಕಾ ನಾಯಕತ್ವದ ಪ್ರಮಾಣಪತ್ರ ಇರಲಿಲ್ಲ. ಕಲ್ಲಚ್ಚು ಇತ್ತು, ಹಿಂದೆ ಬಾಸೆಲ್ ಮಿಷನ್ ಇತ್ತು. ಎಪ್ಪತ್ತು ವರ್ಷಗಳ ನಂತರ, 1913ರಲ್ಲಿ, ಬಾಲವಿಧವೆ ನಂಜನಗೂಡು ತಿರುಮಲಾಂಬ ‘ಸತಿಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದರು, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆ ತಂದರು. ಆರ್. ಕಲ್ಯಾಣಮ್ಮ ಬೆಂಗಳೂರಿನಿಂದ ‘ಸರಸ್ವತಿ’ಯನ್ನು ನಾಲ್ಕು ದಶಕ ನಡೆಸಿದರು. ಇಂದಿನ ಎಷ್ಟೋ ಪತ್ರಿಕೆಗಳು ಅಷ್ಟು ಕಾಲ ಬಾಳುವುದಿಲ್ಲ. 1950ರ ದಶಕದಲ್ಲಿ ಉಡುಪಿಯಿಂದ ‘ಸುಪ್ರಭಾತ’ ಹೊರಡಿಸಿದ ‘ಗಿರಿಬಾಲೆ’, ಅಂದರೆ ಸರಸ್ವತೀಬಾಯಿ ರಾಜವಾಡೆ ನಮ್ಮ ಕರಾವಳಿಯವರು. ಇವರಿಗೆ ಯಾರೂ ಕುರ್ಚಿ ಕೊಡಲಿಲ್ಲ. ಕುರ್ಚಿಯನ್ನು ತಾವೇ ಮಾಡಿಕೊಂಡರು. ಚಂದಾ, ಅಂಚೆ, ಕಾಗದ, ಮುದ್ರಣದ ಬಾಕಿ, ಇವೇ ಅವರ ಪಠ್ಯಕ್ರಮ.

ಗೌರಿ ಲಂಕೇಶ್ ಅವರದು ಇನ್ನೊಂದು ಬಗೆ. ಇಂಗ್ಲಿಷ್ ಪತ್ರಿಕೋದ್ಯಮದಲ್ಲಿದ್ದ ಅವರು 2000ದಲ್ಲಿ ತಂದೆ ತೀರಿಕೊಂಡ ಮೇಲೆ ‘ಲಂಕೇಶ್ ಪತ್ರಿಕೆ’ಯ ಸಂಪಾದಕಿಯಾದರು. ಕನ್ನಡದಲ್ಲಿ ಬರೆಯುವುದನ್ನು ಆ ಕುರ್ಚಿಯಲ್ಲಿ ಕುಳಿತೇ ರೂಢಿಸಿಕೊಂಡರು. 2005ರಲ್ಲಿ ತಮ್ಮದೇ ಪತ್ರಿಕೆ ಕಟ್ಟಿದರು, 2017ರಲ್ಲಿ ಕೊಲೆಯಾಗುವವರೆಗೂ ನಡೆಸಿದರು. ಅವರ ನಿಲುವುಗಳನ್ನು ಒಪ್ಪುವವರೂ ಒಪ್ಪದವರೂ ಇದೊಂದನ್ನು ಗಮನಿಸಬಹುದು, ಜವಾಬ್ದಾರಿ ಬಂದ ಮೇಲೆ ಯೋಗ್ಯತೆ ಬೆಳೆಯಿತು. ಇನ್ನು ನೌಕರಿಯ ಮೆಟ್ಟಿಲು ಹತ್ತಿ ಬಂದವರು? ‘ಪ್ರಜಾವಾಣಿ’ಯಲ್ಲಿ ದುಡಿದು ಮುಂದೆ ‘ಉದಯವಾಣಿ’ಯ ಬೆಂಗಳೂರು ಆವೃತ್ತಿಗೆ ಸಂಪಾದಕಿಯಾದ ಡಾ. ಆರ್. ಪೂರ್ಣಿಮಾ ಅವರ ಹೆಸರು ಥಟ್ಟನೆ ಬರುತ್ತದೆ. ದಿನಪತ್ರಿಕೆಗಳಲ್ಲಿ ಎರಡನೆಯ, ಮೂರನೆಯ ಹೆಸರಿಗೆ ತಡವರಿಸಬೇಕಾಗುತ್ತದೆ. ಕನ್ನಡದಲ್ಲಿ ಹೆಣ್ಣು ಪತ್ರಿಕೆಯನ್ನು ಹುಟ್ಟಿಸಿ ಸಂಪಾದಕಿಯಾಗಬಹುದು, ಮನೆತನದಿಂದ ಬಂದು ಆಗಬಹುದು. ಕೆಲಸ ಮಾಡಿಕೊಂಡು ಆಗುವ ದಾರಿ ಮಾತ್ರ ಇನ್ನೂ ಕಾಲುಹಾದಿ.

ತುಳುನಾಡಿನವರಿಗೆ ಈ ಸಂಗತಿ ಹೊಸತಲ್ಲ. ಅಳಿಯಸಂತಾನದಲ್ಲಿ ಆಸ್ತಿಯ ಹಕ್ಕು ಹೆಣ್ಣಿನ ಕಡೆಯಿಂದ ಹರಿಯುತ್ತದೆ. ಕುಟುಂಬದ ಹಿರಿಯ ಜೀವ ಹೆಣ್ಣಾಗಿದ್ದರೆ ಆಕೆ ಯಜಮಾನ್ತಿಯಾಗಬಹುದು. ಪದವೂ ಇದೆ, ಹಕ್ಕೂ ಇದೆ. ಆದರೂ ಕಣಜದ ಬೀಗದ ಕೈ, ಗೇಣಿಯ ಲೆಕ್ಕ, ಕೋರ್ಟಿನ ಸಹಿ ಬಹುತೇಕ ಮನೆಗಳಲ್ಲಿ ಮಾವನ ಕೈಯಲ್ಲೇ ಉಳಿದವು. ಹೆಸರು ಇರುವುದು ಬೇರೆ, ಬೀಗದ ಕೈ ಇರುವುದು ಬೇರೆ ಎಂಬ ವ್ಯತ್ಯಾಸವನ್ನು ನಮ್ಮ ಅಜ್ಜಿಯಂದಿರು ಯಾವ ಕಾರ್ಯಾಗಾರಕ್ಕೂ ಹೋಗದೆ ಅರಿತಿದ್ದರು.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಪತ್ರಿಕೆ ಇರುವುದು ಓದುಗರಿಗಾಗಿ, ಪತ್ರಕರ್ತರ ಬೆಳವಣಿಗೆಗಾಗಿ ಅಲ್ಲ. ನಮ್ಮಂಥ ಜಿಲ್ಲೆಯಲ್ಲಿ ಒಂದು ದುಡುಕಿನ ಶೀರ್ಷಿಕೆ ಬೀದಿಗೆ ಬೆಂಕಿ ಹಚ್ಚಬಹುದು. ಅಂಥ ಕಡೆ ಮುಖಪುಟವನ್ನು ಯಾರದೋ ಪಾಠಶಾಲೆ ಮಾಡುವುದು ಸರಿಯೇ? ಅರ್ಹತೆ ಮೊದಲು, ಅವಕಾಶ ಆಮೇಲೆ ಎನ್ನುವುದು ಓದುಗರ ಬಗೆಗಿನ ಜವಾಬ್ದಾರಿಯಲ್ಲವೇ?

ಆಕ್ಷೇಪ ನಿಜ. ಆದರೆ ಅದು ಎಲ್ಲ ಹೊಸಬರಿಗೂ ಅನ್ವಯಿಸಬೇಕು. ಹೊಸ ಹುಡುಗನೊಬ್ಬನನ್ನು ರಾತ್ರಿ ಡೆಸ್ಕಿಗೆ ಹಾಕಿದಾಗ ಪತ್ರಿಕೆ ಓದುಗರನ್ನು ಅಪಾಯಕ್ಕೆ ಒಡ್ಡುವುದಿಲ್ಲ. ಪಕ್ಕದಲ್ಲಿ ಹಿರಿಯರೊಬ್ಬರು ಕೂರುತ್ತಾರೆ, ಮೊದಲು ಒಳಪುಟ ಕೊಡುತ್ತಾರೆ, ಶೀರ್ಷಿಕೆ ತಿದ್ದುತ್ತಾರೆ, ಬೈಯುತ್ತಾರೆ, ಚಹಾ ಕುಡಿಸುತ್ತಾರೆ. ಅದೇ ತರಬೇತಿ. ಅದಕ್ಕೆ ಹೆಸರಿಲ್ಲ, ಬ್ಯಾನರ್ ಇಲ್ಲ, ಆದ್ದರಿಂದ ಅದು ತರಬೇತಿ ಎಂದು ನಮಗೆ ತೋರುವುದೇ ಇಲ್ಲ. ಅವನು ತಾನಾಗಿಯೇ ಬೆಳೆದ ಎಂದುಕೊಳ್ಳುತ್ತೇವೆ. ಹೆಸರಿಲ್ಲದ ಆ ಪಾಠದಿಂದ ಹೊರಗಿಟ್ಟವರಿಗೆ ಹೆಸರಿರುವ ಪಾಠ ಮಾಡುವುದು ಅರ್ಧ ನ್ಯಾಯ ಮಾತ್ರ.

ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ. ತಪ್ಪುವ ಹಕ್ಕಿನ ಮಾತು. ರಾತ್ರಿ ಗಡಿಬಿಡಿಯಲ್ಲಿ ಒಬ್ಬ ಸಂಪಾದಕ ಎಡವಿದರೆ ಒಬ್ಬ ಸಂಪಾದಕ ಎಡವಿದ ಎನ್ನುತ್ತಾರೆ. ಸಂಪಾದಕಿ ಎಡವಿದರೆ ಹೆಂಗಸರು ಎಡವಿದರು ಎಂದಾಗುತ್ತದೆ. ಹೀಗಾಗಿ ಅವಳು ಕುರ್ಚಿಗೆ ಬರುವ ಮೊದಲೇ ಪರಿಪೂರ್ಣಳಾಗಿರಬೇಕು. ಹೆಂಗಸರು ಹೆಚ್ಚು ಸೂಕ್ಷ್ಮ, ಅವರು ಬಂದರೆ ಪತ್ರಿಕೆ ಮಾನವೀಯವಾಗುತ್ತದೆ ಎಂಬ ಮೆಚ್ಚುಗೆಯ ಮಾತೂ ಇದೇ ಬಲೆಯ ಇನ್ನೊಂದು ಎಳೆ. ಹೆಣ್ಣು ಒಳ್ಳೆಯವಳಾದ್ದರಿಂದ ಅವಳಿಗೆ ಅಧಿಕಾರ ಕೊಡಿ ಎನ್ನುವ ವಾದ, ಅವಳು ಸಾಧಾರಣಳಾದ ದಿನವೇ ಅಧಿಕಾರವನ್ನು ಹಿಂದಕ್ಕೆ ಕೇಳುತ್ತದೆ. ಸಾಧಾರಣ ಗಂಡಸರು ಸಂಪಾದಕರಾಗಿರುವಷ್ಟು ಸಹಜವಾಗಿ ಸಾಧಾರಣ ಹೆಂಗಸರೂ ಸಂಪಾದಕರಾದಾಗ ಸಮಾನತೆ ಬಂತು ಎನ್ನಬಹುದು.

ಹಾಗಾದರೆ ತರಬೇತಿ ಬೇಡವೇ? ಬೇಕು. 2002ರಲ್ಲಿ ಉತ್ತರಪ್ರದೇಶದ ಚಿತ್ರಕೂಟದಲ್ಲಿ ಶುರುವಾದ ‘ಖಬರ್ ಲಹರಿಯಾ’ ನೆನಪಿಸಿಕೊಳ್ಳಿ. ದೆಹಲಿಯ ‘ನಿರಂತರ್’ ಸಂಸ್ಥೆಯ ಬೆಂಬಲದಲ್ಲಿ, ಹೆಚ್ಚು ಓದದ ಗ್ರಾಮೀಣ ಮಹಿಳೆಯರು, ಅವರಲ್ಲಿ ಹಲವರು ದಲಿತರು, ಬುಂದೇಲಿ ಭಾಷೆಯಲ್ಲಿ ಪತ್ರಿಕೆ ಕಟ್ಟಿದರು. ಅಲ್ಲಿ ತರಬೇತಿ ಧಾರಾಳವಾಗಿತ್ತು. ಆದರೆ ಪಾಠ ಮತ್ತು ಪುಟ ಒಟ್ಟಿಗೇ ಸಿಕ್ಕವು. ವರದಿ ಮಾಡುವುದನ್ನು ಕಲಿತವರು ವರದಿ ಮಾಡಿದರು, ಸಂಪಾದನೆ ಕಲಿತವರು ಸಂಪಾದಿಸಿದರು, ತಾವೇ ಊರೂರಿಗೆ ಹೊತ್ತು ಮಾರಿದರು. ಅವರಲ್ಲೊಬ್ಬರಾದ ಕವಿತಾ ಮುಂದೆ ಅದರ ಪ್ರಧಾನ ಸಂಪಾದಕಿಯಾದರು.

ತರಬೇತಿಗೆ ಇನ್ನೊಂದು ಪ್ರಯೋಜನವೂ ಇದೆ. ಬೇರೆ ಬೇರೆ ಕಚೇರಿಗಳಲ್ಲಿ ಒಬ್ಬೊಬ್ಬರೇ ಇರುವ ಹೆಂಗಸರು ಅಲ್ಲಿ ಒಟ್ಟಿಗೆ ಕೂರುತ್ತಾರೆ. ನನ್ನ ಕೊರತೆ ಎಂದುಕೊಂಡದ್ದು ಎಲ್ಲರ ಅನುಭವ ಎಂದು ತಿಳಿಯುತ್ತದೆ. ನನ್ನ ಗೆಳತಿಗೂ ಕಾರ್ಯಾಗಾರದಿಂದ ದಕ್ಕಿದ ದೊಡ್ಡ ಲಾಭ ಇದೇ. ಈಗ ಅವಳು ಮತ್ತು ಅಲ್ಲಿ ಸಿಕ್ಕ ಮೂವರು ತಮ್ಮ ತಮ್ಮ ಕಚೇರಿಗಳಲ್ಲಿ ರಾತ್ರಿಯ ವಾಹನಕ್ಕೆ ಲಿಖಿತ ಮನವಿ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಪತ್ರಿಕೋದ್ಯಮ ವಿಭಾಗಗಳಲ್ಲಿ ಈಗ ಓದುತ್ತಿರುವ ಹುಡುಗಿಯರು ಇಂಥ ತರಬೇತಿಗೆ ಕರೆ ಬಂದರೆ ಹೋಗಬೇಕು ಎಂದೇ ನನ್ನ ಅಭಿಪ್ರಾಯ. ಹೋಗುವ ಮುನ್ನ ಕಳಿಸುವವರನ್ನು ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು. ಮುಗಿಸಿ ಬಂದ ಮೇಲೆ ಯಾವ ಪುಟ ನನ್ನದು?