ತಿದ್ದುಪಡಿ ಮತ್ತು ಕೂಟಲೇಖ

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಸುಳ್ಳು ಪತ್ರ, ಸುಳ್ಳು ಲೆಕ್ಕ ಬರೆಯುವುದೆಂದು ಅದರ ಅರ್ಥ. ಹಾಗಾದರೆ ಒಮ್ಮೆ ಬರೆದ ಅಂಕಿಯನ್ನು ಅನಂತರ ಬದಲಿಸುವುದೆಲ್ಲ ಕೂಟಲೇಖವೇ? ಭೂಮಿಯ ತಾಪ ಏರುತ್ತಿದೆಯೇ ಎಂಬುದರ ಬಗ್ಗೆ ಅಮೆರಿಕದ ರಾಜಕಾರಣದಲ್ಲಿ ನಡೆದ ಕಲಹ ಈ ಪ್ರಶ್ನೆಯನ್ನೇ ಮುಂದಿಡುತ್ತದೆ.

1979ರಿಂದ ಉಪಗ್ರಹಗಳು ಸಂಗ್ರಹಿಸಿದ ಮಾಹಿತಿಯಿಂದ ವಾಯುಮಂಡಲದ ತಾಪವನ್ನು ಗಣಿಸಿ ರಾಯ್ ಸ್ಪೆನ್ಸರ್ ಮತ್ತು ಜಾನ್ ಕ್ರಿಸ್ಟಿ 1990ರಲ್ಲಿ ಪ್ರಕಟಿಸಿದರು. ಅದರಲ್ಲಿ ಏರಿಕೆ ಸ್ಪಷ್ಟವಾಗಿ ಕಾಣಲಿಲ್ಲ. ನೆಲದ ಮಾಪಕಗಳ ಲೆಕ್ಕವನ್ನು ಅಲ್ಲಗಳೆಯಬಯಸಿದ ರಾಜಕಾರಣಿಗಳಿಗೆ ಇದು ಒಳ್ಳೆಯ ಆಧಾರವಾಯಿತು. ಆದರೆ ಉಪಗ್ರಹವು ತಾಪವನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿಯ ಆಮ್ಲಜನಕ ಹೊರಸೂಸುವ ಸೂಕ್ಷ್ಮತರಂಗಗಳನ್ನು ಅಳೆದು ಗಣಿತದಿಂದ ಪಡೆಯಬೇಕು. ಉಪಗ್ರಹವು ಕ್ರಮೇಣ ಕೆಳಗಿಳಿಯುವುದರಿಂದ ಇಲ್ಲದ ತಂಪು ಲೆಕ್ಕಕ್ಕೆ ಸೇರುತ್ತದೆಂದು 1998ರಲ್ಲಿ ತಿಳಿದುಬಂದಿತು. ಉಪಗ್ರಹ ಒಂದು ಸ್ಥಳವನ್ನು ದಾಟುವ ಹೊತ್ತು ವರ್ಷಗಳು ಕಳೆದಂತೆ ಸರಿಯುತ್ತದೆ. ಅದಕ್ಕಾಗಿ ಮಾಡಿದ ಸರಿಪಡಿಕೆಯ ಚಿಹ್ನೆಯೇ ತಲೆಕೆಳಗಾಗಿತ್ತೆಂದು 2005ರಲ್ಲಿ ಕಾರ್ಲ್ ಮಿಯರ್ಸ್ ಮತ್ತು ಫ್ರಾಂಕ್ ವೆಂಟ್ಜ್ ತೋರಿಸಿದರು. ಖರ್ಚಿನ ಮೊತ್ತ ಜಮೆಯ ಬದಿಗೆ ಸೇರಿದಂತೆ! ಕ್ರಿಸ್ಟಿ, ಸ್ಪೆನ್ಸರ್ ದೋಷವನ್ನು ಒಪ್ಪಿ ಲೆಕ್ಕವನ್ನು ತಿದ್ದಿದರು. ದಶಕಕ್ಕೆ ಸುಮಾರು 0.09 ಡಿಗ್ರಿ ಇದ್ದ ಏರಿಕೆ 0.12 ಆಯಿತು. ಹವಾಮಾನದ ಅಪಾಯ ಕುರಿತ ಅವರ ಸಂಶಯವೇನೂ ಅಳಿಯಲಿಲ್ಲ. ಆದರೂ ಅವರ ಆ ನಡೆ ಪ್ರಾಮಾಣಿಕವಾದುದೇ.

ಕೀರ್ದಿಯಲ್ಲಿ ಹಳೆಯ ಅಂಕಿಯನ್ನು ಕೆರೆದು ಹೊಸದನ್ನು ಬರೆಯುವವನೊಬ್ಬ. ಹಳೆಯದನ್ನು ಹಾಗೆಯೇ ಉಳಿಸಿ, ಕಾರಣಸಹಿತ ತಿದ್ದುಪಡಿ ಬರೆಯುವವನು ಮತ್ತೊಬ್ಬ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಒಂದು ಅಂಕಿಯನ್ನೂ ಬದಲಿಸದೆ ಅಸತ್ಯವನ್ನು ಸಾಧಿಸುವುದೂ ಉಂಟು. 2015ರ ಡಿಸೆಂಬರಿನಲ್ಲಿ ಸೆನೆಟ್ ಸಮಿತಿಯ ಮುಂದೆ ಟೆಡ್ ಕ್ರೂಜ್ ಉಪಗ್ರಹದ ದಾಖಲೆಯನ್ನಿಟ್ಟು, 18 ವರ್ಷಗಳಿಂದ ಗಣನೀಯ ಏರಿಕೆಯಿಲ್ಲವೆಂದು ವಾದಿಸಿದರು. ಆ ಗಣನೆ ಆರಂಭವಾಗುವುದು 1997-98ರ ಪ್ರಬಲ ಎಲ್ ನಿನೊದ ಹೊತ್ತಿಗೆ, ಅಂದರೆ ತಾಪ ಅಸಹಜವಾಗಿ ಏರಿದ್ದಾಗ. ಅತ್ಯಧಿಕ ಲಾಭದ ವರ್ಷದಿಂದ ಲೆಕ್ಕ ತೋರಿಸಿದರೆ ಬೆಳೆಯುತ್ತಿರುವ ಅಂಗಡಿಯೂ ನಿಂತಂತೆ ಕಂಡೀತು. ಅಂಕಿಗಳೆಲ್ಲ ದಾಖಲೆಯವೇ ಆದ್ದರಿಂದ ಇದು ಕೂಟಲೇಖವಲ್ಲ. ಆದರೆ ಅದೇ ಸೂತ್ರ ಮೊದಲು ಹೆಸರಿಸುವ ಮಿಥ್ಯೋಪದೇಶದಿಂದ ದೂರವೂ ಇಲ್ಲ.

ಅದಕ್ಕೆ ಎರಡು ತಿಂಗಳ ಮೊದಲು, ಸಮುದ್ರತಾಪದ ದಾಖಲೆಯನ್ನು ತಿದ್ದಿದ ಸರ್ಕಾರಿ ವಿಜ್ಞಾನಿಗಳ ಪತ್ರವ್ಯವಹಾರವನ್ನು ಹಾಜರುಪಡಿಸುವಂತೆ ಪ್ರತಿನಿಧಿ ಸಭೆಯ ವಿಜ್ಞಾನ ಸಮಿತಿ ಆಜ್ಞಾಪಿಸಿತ್ತು. ಹಲವು ಬಾರಿ ತಿದ್ದಿದ ಉಪಗ್ರಹದ ಲೆಕ್ಕ ಅವರಿಗೆ ಶುದ್ಧ, ಸಮುದ್ರದ್ದು ಸಂಶಯಾಸ್ಪದ. ತೇಲುಮಾಪಕಗಳಿಗಿಂತ ಹಡಗುಗಳ ಅಳತೆ ತುಸು ಬೆಚ್ಚಗೆ ಬರುತ್ತದೆಂಬ ತಿದ್ದುಪಡಿಯ ಕಾರಣ ಆ ವಿಜ್ಞಾನಿಗಳ ಪ್ರಬಂಧದಲ್ಲಿಯೇ ಅಚ್ಚಾಗಿತ್ತು.